ಸುಖೋದಯದ ಮೌನ: ಒಂದು ಪಾಳುನಗರ, ಒಂದು ಶಾಸನ ಮತ್ತು ಪರಸ್ಪರ ಸಾಕ್ಷ್ಯದ ಪ್ರಶ್ನೆ

ಥಾಯ್ಲೆಂಡಿನ ಪ್ರಾಚೀನ ರಾಜಧಾನಿಗಳಲ್ಲಿ ಸುಖೋಥಾಯ್ ನಗರಕ್ಕೆ ವಿಶಿಷ್ಟವಾದ ಸ್ಥಾನವಿದೆ. ಸಂಸ್ಕೃತದ 'ಸುಖೋದಯ' ಶಬ್ದವೇ ಥಾಯ್ ಉಚ್ಚಾರಣೆಯಲ್ಲಿ ಸುಖೋಥಾಯ್ ಆಗಿದೆ. ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 430 ಕಿಲೋಮೀಟರು ದೂರದಲ್ಲಿ, ಯೋಮ್ ನದಿಯ ದಂಡೆಯ ಹೊಸ ಪಟ್ಟಣದಿಂದ ಪಶ್ಚಿಮಕ್ಕೆ 12 ಕಿಲೋಮೀಟರು ಸಾಗಿದರೆ ಹಳೆಯ ನಗರದ ಅವಶೇಷಗಳು ದೊರೆಯುತ್ತವೆ. ತಾವರೆ ಕೊಳಗಳು, ವಿಶಾಲವಾದ ಹುಲ್ಲುನೆಲ, ಮರಗಳ ನಡುವೆ ನಿಂತ ಇಟ್ಟಿಗೆಯ ಸ್ತೂಪಗಳು, ಮಾಡು ಕಳೆದುಕೊಂಡ ಕಂಬಗಳ ಸಾಲಿನ ಕೊನೆಯಲ್ಲಿ ಕುಳಿತ ಬುದ್ಧ: ನೋಡಿದವರೆಲ್ಲರೂ ಈ ಸ್ಥಳದ ಪ್ರಶಾಂತತೆಯನ್ನು ಮೊದಲು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಈ ಪ್ರಶಾಂತತೆ ಎಲ್ಲಿಂದ ಬಂದಿತು, ಅದು ಮಧ್ಯಯುಗದ ಉಳಿಕೆಯೇ ಅಥವಾ ಆಮೇಲೆ ರೂಪಿಸಲ್ಪಟ್ಟುದೇ ಎಂಬ ಪ್ರಶ್ನೆ ಸಂಶೋಧಕರಾದವರಿಗೆ ಏಳದೆ ಇರದು.

ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಸುಖೋಥಾಯ್ ಕುರಿತು ನಮಗಿರುವ ಚಿತ್ರ ಎರಡು ಆಕರಗಳ ಮೇಲೆ ನಿಂತಿದೆ. ಒಂದು, ಕಣ್ಣಿಗೆ ಕಾಣುವ ಪಾಳುನಗರ. ಇನ್ನೊಂದು, ರಾಮ್ ಖಮ್‌ಹೆಂಗ್ ಅರಸನದೆಂದು ಹೇಳಲಾಗುವ ಶಿಲಾಶಾಸನ. ಶಾಸನವನ್ನು ಓದಿಕೊಂಡು ನಗರವನ್ನು ನೋಡುತ್ತೇವೆ, ನಗರವನ್ನು ನೋಡಿ ಶಾಸನವನ್ನು ನಂಬುತ್ತೇವೆ. ಹೀಗೆ ಎರಡು ಸಾಕ್ಷಿಗಳು ಒಂದಕ್ಕೊಂದು ಜಾಮೀನು ನಿಂತಾಗ ಉಂಟಾಗುವ ತೊಡಕು ಕನ್ನಡ ಶಾಸನಗಳಲ್ಲಿ ದುಡಿಯುವವರಿಗೆ ಅಪರಿಚಿತವಲ್ಲ.

ಚಾರಿತ್ರಿಕ ಹಿನ್ನೆಲೆ

ಹದಿಮೂರನೆಯ ಶತಮಾನದ ಮೊದಲ ಭಾಗದವರೆಗೆ ಈ ಪ್ರದೇಶದ ಮೇಲೆ ಅಂಗಕೋರಿನ ಖ್ಮೇರ್ ಸಾಮ್ರಾಜ್ಯದ ಪ್ರಭಾವ ದಟ್ಟವಾಗಿತ್ತು. ಇಬ್ಬರು ಥಾಯ್ ನಾಯಕರು ಸೇರಿ ಖ್ಮೇರ್ ಅಧಿಕಾರಿಯನ್ನು ಹೊರದೂಡಿದರೆಂದೂ, ಅವರಲ್ಲಿ ಒಬ್ಬನು ಶ್ರೀ ಇಂದ್ರಾದಿತ್ಯನೆಂಬ ಹೆಸರಿನಿಂದ ಪಟ್ಟವೇರಿದನೆಂದೂ ವಾಟ್ ಸಿ ಚುಮ್ ವಿಹಾರದಲ್ಲಿ ದೊರೆತ ಶಾಸನದಿಂದ ತಿಳಿದುಬರುತ್ತದೆ. ಇದಕ್ಕೆ ಸಾಂಪ್ರದಾಯಿಕವಾಗಿ ಕೊಡುವ ವರ್ಷ 1238. ಅವನ ಮಗ ರಾಮ್ ಖಮ್‌ಹೆಂಗ್ ಸುಮಾರು 1279ರಿಂದ 1298ರವರೆಗೆ ಆಳಿದನು. ಅವನ ಮೊಮ್ಮಗ ಲಿಥಾಯ್ 1347ರಲ್ಲಿ ಮಹಾಧರ್ಮರಾಜನೆಂಬ ಬಿರುದಿನೊಡನೆ ಪಟ್ಟಕ್ಕೆ ಬಂದನು. ಬೌದ್ಧ ವಿಶ್ವರಚನೆಯನ್ನು ವಿವರಿಸುವ 'ತ್ರೈಭೂಮಿಕಥಾ' ಇವನು ಯುವರಾಜನಾಗಿದ್ದಾಗ ರಚಿಸಿದ ಕೃತಿಯೆಂಬುದು ಪರಂಪರೆಯ ನಂಬಿಕೆ. 1351ರಲ್ಲಿ ದಕ್ಷಿಣದಲ್ಲಿ ಅಯುತ್ಥಾಯ ರಾಜ್ಯ ತಲೆಯೆತ್ತಿತು. 1378ರಲ್ಲಿ ಸುಖೋಥಾಯ್ ಅದರ ಸಾಮಂತವಾಗಿ, 1438ರಲ್ಲಿ ಅದರೊಳಗೆ ಲೀನವಾಯಿತು.

ರಾಜ್ಯದ ಆಯುಸ್ಸು ಇನ್ನೂರು ವರ್ಷಗಳಷ್ಟು ಮಾತ್ರ. ಅದೇ ಕಾಲದಲ್ಲಿ ಉತ್ತರದಲ್ಲಿ ಲಾನ್ ನಾ ಎಂಬ ಇನ್ನೊಂದು ಥಾಯ್ ರಾಜ್ಯವಿತ್ತು. ಅದರ ಅರಸ ಮಂಗ್‌ರಾಯ್ 1296ರಲ್ಲಿ ಚಿಯಾಂಗ್ ಮಾಯ್ ನಗರವನ್ನು ಕಟ್ಟಿಸಿದನು. ಹೀಗಿದ್ದೂ ಸುಖೋಥಾಯ್ ಮಾತ್ರ 'ಮೊದಲ ರಾಜಧಾನಿ' ಎನಿಸಿಕೊಂಡಿತು. ಆ ಗೌರವಕ್ಕೆ ಆಧುನಿಕ ಸಿಯಾಮಿನ ರಾಷ್ಟ್ರೀಯ ಚರಿತ್ರೆಯ ಬರವಣಿಗೆ ಕಾರಣ. ಆ ಬರವಣಿಗೆಗೆ ಮುಖ್ಯ ಆಧಾರವಾದುದು ರಾಮ್ ಖಮ್‌ಹೆಂಗ್ ಶಾಸನ.

ನಗರದ ರಚನೆ

ಕೋಟೆಯ ಆಯ ಪೂರ್ವಪಶ್ಚಿಮವಾಗಿ ಎರಡು ಕಿಲೋಮೀಟರಿಗೆ ಹತ್ತಿರ, ಉತ್ತರದಕ್ಷಿಣವಾಗಿ ಸುಮಾರು ಒಂದೂವರೆ ಕಿಲೋಮೀಟರು. ಮೂರು ಸುತ್ತಿನ ಮಣ್ಣಿನ ಗೋಡೆ, ನಡುವೆ ಎರಡು ಕಂದಕ. ಪೂರ್ವದ ಬಾಗಿಲ ಬಳಿ ಬಾಡಿಗೆಯ ಸೈಕಲ್ಲುಗಳು ದೊರೆಯುತ್ತವೆ. ಗೋಡೆಯೊಳಗಿನ ಭಾಗವನ್ನು ನೋಡಲು ಒಂದು ದಿನ, ಹೊರಗಿನ ಉತ್ತರ ಮತ್ತು ಪಶ್ಚಿಮ ಭಾಗಗಳಿಗೆ ಇನ್ನೊಂದು ದಿನ ಬೇಕು. ಮೊದಲು ರಾಮ್ ಖಮ್‌ಹೆಂಗ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಶಾಸನದ ಪ್ರತಿಕೃತಿಯನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು. ಮೂಲ ಶಿಲೆ ಬ್ಯಾಂಕಾಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ನಗರದ ನಡುವಿನಲ್ಲಿ ವಾಟ್ ಮಹಾಥಾಟ್ ಇದೆ. 'ವಾಟ್' ಎಂದರೆ ವಿಹಾರ. 'ಮಹಾಥಾಟ್' ಎಂಬುದು 'ಮಹಾಧಾತು', ಅಂದರೆ ಬುದ್ಧನ ಶರೀರಾವಶೇಷವನ್ನು ಇರಿಸಿದ ಸ್ಥಾನ. ಮುಖ್ಯ ಸ್ತೂಪದ ಶಿಖರ ತಾವರೆ ಮೊಗ್ಗಿನ ಆಕಾರದಲ್ಲಿದೆ. ಈ ಆಕಾರ ಸುಖೋಥಾಯ್ ಶಿಲ್ಪಿಗಳ ಸ್ವಂತ ಕೊಡುಗೆ. ಪೀಠದ ಸುತ್ತ ಕೈಮುಗಿದು ಸಾಲಾಗಿ ನಡೆಯುವ ಶಿಷ್ಯರನ್ನು ಗಾರೆಯಲ್ಲಿ ಬಿಡಿಸಲಾಗಿದೆ. ಇಕ್ಕೆಲಗಳಲ್ಲಿ ನಿಂತ ಬುದ್ಧನ ಎರಡು ಬೃಹತ್ ವಿಗ್ರಹಗಳಿವೆ. ನೈಋತ್ಯದಲ್ಲಿ ವಾಟ್ ಸಿ ಸವಾಯ್. ಇದರ ಮೂರು ಗೋಪುರಗಳು ಖ್ಮೇರ್ ಶೈಲಿಯವು. ಇದು ಮೂಲತಃ ಹಿಂದೂ ದೇವಾಲಯವಾಗಿದ್ದು ಆಮೇಲೆ ಬೌದ್ಧ ವಿಹಾರವಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಕೊಳದ ನಡುವಿನ ದಿಬ್ಬದ ಮೇಲೆ ವಾಟ್ ಸ ಸಿ. ಇದರ ಗಂಟೆಯಾಕಾರದ ಸ್ತೂಪ ಶ್ರೀಲಂಕೆಯ ಮಾದರಿಯದು. ಖ್ಮೇರ್, ಸಿಂಹಳ, ಸ್ಥಳೀಯ ಎಂಬ ಮೂರು ಧಾರೆಗಳನ್ನು ಅರ್ಧ ಗಂಟೆಯ ನಡಿಗೆಯಲ್ಲಿ ಒಟ್ಟಿಗೆ ಕಾಣಬಹುದು.

ಗೋಡೆಯ ಹೊರಗೆ, ವಾಯವ್ಯದಲ್ಲಿರುವ ವಾಟ್ ಸಿ ಚುಮ್ ಸಾಹಿತ್ಯ ವಿದ್ಯಾರ್ಥಿಗಳು ನೋಡಲೇಬೇಕಾದ ಸ್ಥಳ. ಮಾಡಿಲ್ಲದ ಚೌಕಾಕಾರದ ಗರ್ಭಗೃಹವನ್ನು ಅಚನ ಎಂದು ಕರೆಯಲಾಗುವ, ಸುಮಾರು 15 ಮೀಟರು ಎತ್ತರದ ಕುಳಿತ ಬುದ್ಧವಿಗ್ರಹ ಪೂರ್ತಿಯಾಗಿ ತುಂಬಿಕೊಂಡಿದೆ. ಗೋಡೆಯ ಒಳಗೇ ಇಕ್ಕಟ್ಟಾದ ಮೆಟ್ಟಿಲುದಾರಿಯಿದೆ. ಅದರ ಛಾವಣಿಯ ಚಪ್ಪಡಿಗಳ ಮೇಲೆ ಜಾತಕ ಕಥೆಗಳನ್ನು ಗೀರಿ ಬಿಡಿಸಿ, ಪ್ರತಿ ಚಿತ್ರಕ್ಕೂ ಕಥೆಯ ಹೆಸರನ್ನು ಥಾಯ್ ಭಾಷೆಯಲ್ಲಿ ಬರೆಯಲಾಗಿದೆ. ಈ ದಾರಿ ಈಗ ಸಾರ್ವಜನಿಕರಿಗೆ ತೆರೆದಿಲ್ಲ. ಚಿತ್ರದೊಡನೆ ಹೆಸರನ್ನು ಕೆತ್ತುವ ಈ ಕ್ರಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪವನ್ನು ಬಲ್ಲವರಿಗೆ ನೆನಪಾಗುತ್ತದೆ. ಅಲ್ಲಿಯೂ ಜಾತಕದ ಶಿಲ್ಪಫಲಕಗಳ ಮೇಲೆ ಬ್ರಾಹ್ಮೀ ಲಿಪಿಯ ಹೆಸರುಗಳಿವೆ. ಎರಡರ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ನೇರ ಸಂಬಂಧವನ್ನು ಕಲ್ಪಿಸಲಾಗದು. ಆದರೂ ಕಥೆಯನ್ನು ಬಲ್ಲ ಜನರಿಗೂ ಹೆಸರು ಬೇಕಾಗುತ್ತಿತ್ತೇ, ಕತ್ತಲ ದಾರಿಯ ಛಾವಣಿಯ ಬರಹವನ್ನು ಯಾರು ಓದಬೇಕಾಗಿತ್ತು ಎಂಬ ಪ್ರಶ್ನೆಗಳು ಎರಡು ಕಡೆಗೂ ಸೇರಿದಂಥವು.

ಈ ನಗರ ನಿಂತದ್ದು ನದಿಯ ದಂಡೆಯಲ್ಲಲ್ಲ, ಬೆಟ್ಟದ ತಪ್ಪಲಿನಲ್ಲಿ. ಆದುದರಿಂದ ನೀರನ್ನು ಹಿಡಿದು ತರಬೇಕಾಗಿತ್ತು. ಕೋಟೆಯ ನೈಋತ್ಯಕ್ಕೆ ಎರಡು ಗುಡ್ಡಗಳ ನಡುವೆ ಸುಮಾರು ಅರ್ಧ ಕಿಲೋಮೀಟರು ಉದ್ದದ ಮಣ್ಣಿನ ಏರಿಯನ್ನು ಹಾಕಿ, ಮಳೆನೀರನ್ನು ತಡೆದು, ಕಾಲುವೆಗಳ ಮೂಲಕ ನಗರದ ಕೊಳಗಳಿಗೆ ಹರಿಸುತ್ತಿದ್ದರು. ಇಂದು ನಾವು ಸೌಂದರ್ಯಕ್ಕಾಗಿ ಮೆಚ್ಚುವ ತಾವರೆ ಕೊಳಗಳು ಅಂದು ಊರಿನ ಕುಡಿಯುವ ನೀರಿನ ಆಸರೆ. ಕೆರೆ ಕಟ್ಟಿಸಿದವರ ಹೆಸರನ್ನು ಊರೂರಿನ ಕಲ್ಲುಗಳಲ್ಲಿ ಓದುತ್ತ ಬಂದ ನಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಶಾಸನದ ಸ್ವರೂಪ

1833ರಲ್ಲಿ ರಾಜಕುಮಾರ ಮೋಂಗ್‌ಕುಟ್ ಭಿಕ್ಷುವಾಗಿ ಉತ್ತರದ ಊರುಗಳಲ್ಲಿ ಸಂಚರಿಸುತ್ತಿದ್ದಾಗ ಈ ಶಾಸನಸ್ತಂಭವನ್ನು ಸುಖೋಥಾಯ್‌ನಲ್ಲಿ ಕಂಡು ಬ್ಯಾಂಕಾಕಿಗೆ ತಂದನೆಂದು ದಾಖಲೆಗಳು ಹೇಳುತ್ತವೆ. 1851ರಲ್ಲಿ ಇವನೇ ಸಿಯಾಮಿನ ಅರಸನಾದನು. ಸ್ತಂಭ ಚೌಕಾಕಾರದ್ದು, ನಾಲ್ಕು ಮುಖಗಳಲ್ಲಿ ಒಟ್ಟು 124 ಸಾಲುಗಳ ಬರಹವಿದೆ. ಮೊದಲ ಭಾಗದಲ್ಲಿ ಅರಸ ಉತ್ತಮ ಪುರುಷದಲ್ಲಿ ತನ್ನ ಬಾಲ್ಯವನ್ನೂ ಯುದ್ಧವನ್ನೂ ತಂದೆ ತಾಯಿ ಅಣ್ಣಂದಿರ ಸೇವೆಯನ್ನೂ ಹೇಳಿಕೊಳ್ಳುತ್ತಾನೆ. ಅನಂತರ ನಿರೂಪಣೆ ಪ್ರಥಮ ಪುರುಷಕ್ಕೆ ಹೊರಳುತ್ತದೆ. ನಾಡಿನ ಸಮೃದ್ಧಿ, ವ್ಯಾಪಾರಕ್ಕೆ ಸುಂಕವಿಲ್ಲದಿರುವುದು, ಅಹವಾಲುಳ್ಳವರು ಬಾರಿಸಲೆಂದು ಬಾಗಿಲಿಗೆ ಕಟ್ಟಿದ ಗಂಟೆ, ನಗರದ ನಾಲ್ಕು ದಿಕ್ಕುಗಳಲ್ಲಿ ಏನೇನಿವೆ ಎಂಬ ವರ್ಣನೆ ಮುಂದೆ ಬರುತ್ತವೆ. ಶಕ 1214ರಲ್ಲಿ, ಅಂದರೆ 1292ರಲ್ಲಿ, ಶಿಲಾಸನವನ್ನು ಸ್ಥಾಪಿಸಿದ ಸಂಗತಿಯಿದೆ. ಶಕ 1205ರಲ್ಲಿ, ಅಂದರೆ 1283ರಲ್ಲಿ, ಅರಸನೇ ಈ ಥಾಯ್ ಅಕ್ಷರಗಳನ್ನು ನಿರ್ಮಿಸಿದನೆಂಬ ಹೇಳಿಕೆಯಿದೆ.

ಶಕವರ್ಷದ ಬಳಕೆಯನ್ನು ಇಲ್ಲಿ ಗಮನಿಸಬೇಕು. ಕರ್ನಾಟಕದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನು ಪಟ್ಟಕ್ಕೆ ಬಂದ ಹೊತ್ತಿಗೆ ಇಲ್ಲಿಯ ಲಿಪಿಕಾರನೂ ಅಲ್ಲಿಯ ಲಿಪಿಕಾರನೂ ಒಂದೇ ಶಕವನ್ನು ಎಣಿಸುತ್ತಿದ್ದರು. ಆದರೆ ಶಕ 1214 ನಮ್ಮ ಕ್ರಮದಲ್ಲಿ ನಂದನ ಸಂವತ್ಸರವಾದರೆ ಥಾಯ್ ಕ್ರಮದಲ್ಲಿ ನಾಗವರ್ಷ. 1205 ನಮ್ಮಲ್ಲಿ ಸ್ವಭಾನು, ಅವರಲ್ಲಿ ಮೇಕೆಯ ವರ್ಷ. ಅರವತ್ತರ ಚಕ್ರದ ಬದಲು ಪ್ರಾಣಿಗಳ ಹೆಸರಿನ ಹನ್ನೆರಡರ ಚಕ್ರ ಅಲ್ಲಿ ನಡೆಯುತ್ತಿತ್ತು. ಶಕ ಒಂದೇ ಎಂದು ಸಂಸ್ಕೃತಿ ಒಂದೇ ಎನ್ನಲಾಗದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಥಾಯ್ ಲಿಪಿಯ ಮೂಲ ಖ್ಮೇರ್ ಲಿಪಿಯಲ್ಲಿ, ಅದರ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿ ಇದೆ. ಸಂಸ್ಕೃತ ಪದಗಳು ಖ್ಮೇರ್ ಮೂಲಕವೂ ಪಾಲಿ ಪದಗಳು ಬೌದ್ಧ ಸಂಘದ ಮೂಲಕವೂ ಅಲ್ಲಿಗೆ ತಲುಪಿದವು. 'ಧರ್ಮರಾಜ', 'ಸುಖೋದಯ' ಎಂಬ ಹೆಸರುಗಳನ್ನು ಕೇಳಿದೊಡನೆ ಅದು ನಮ್ಮದೇ ವಿಸ್ತಾರವೆಂದು ಬಗೆಯುವ ಬೃಹದ್ಭಾರತದ ಉತ್ಸಾಹ ಆ ಜನರ ಸ್ವಂತ ಆಯ್ಕೆಗಳನ್ನು ಮರೆಮಾಡುತ್ತದೆ.

ಲಿಪಿಯಲ್ಲಿಯೂ ಒಂದು ವಿಶೇಷವಿದೆ. ಕನ್ನಡದಲ್ಲಿ ಗುಡಿಸು ವ್ಯಂಜನದ ತಲೆಯ ಮೇಲೆ, ಕೊಂಬು ಬಲಗಡೆ ಬರುತ್ತದೆ. ಥಾಯ್ ಲಿಪಿಯಲ್ಲಿ ಇಕಾರದ ಚಿಹ್ನೆ ಮೇಲೆ, ಉಕಾರದ ಚಿಹ್ನೆ ಕೆಳಗೆ ಬರುವುದು ರೂಢಿ. ಈ ಶಾಸನದಲ್ಲಿ ಮಾತ್ರ ಆ ಸ್ವರಚಿಹ್ನೆಗಳು ವ್ಯಂಜನದ ಸಾಲಿನಲ್ಲಿಯೇ, ಅದರ ಹಿಂದೆ, ಅಂದರೆ ಎಡಗಡೆಗೆ ನಿಂತಿವೆ. ಒತ್ತಕ್ಷರಗಳಿಲ್ಲ, ವ್ಯಂಜನಗಳು ಒಂದರ ಪಕ್ಕ ಒಂದು ಬರುತ್ತವೆ. ಧ್ವನಿಯ ಏರಿಳಿತವನ್ನು ತೋರಿಸುವ ಚಿಹ್ನೆಗಳೂ ಇವೆ. ಇಷ್ಟು ಕ್ರಮಬದ್ಧವಾದ ಈ ಪದ್ಧತಿ ಅನಂತರದ ಸುಖೋಥಾಯ್ ಶಾಸನಗಳಲ್ಲಿ ಮುಂದುವರಿಯುವುದಿಲ್ಲ. ಸ್ವರಚಿಹ್ನೆಗಳು ಮತ್ತೆ ಮೇಲೆ ಕೆಳಗೆ ಸೇರುತ್ತವೆ.

ನೈಜತೆಯ ವಿವಾದ

ಜಾರ್ಜ್ ಸೆದೆಸ್ 1924ರಲ್ಲಿ ಸುಖೋಥಾಯ್ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ ಅನಂತರ ಈ ಶಾಸನ 'ಒಂದನೆಯ ಶಾಸನ' ಎಂದೇ ಪ್ರಸಿದ್ಧವಾಯಿತು. 1980ರ ದಶಕದ ಕೊನೆಯಲ್ಲಿ ಅದರ ನೈಜತೆಯನ್ನೇ ಪ್ರಶ್ನಿಸಲಾಯಿತು. 1987ರಲ್ಲಿ ಅಮೆರಿಕದ ಇತಿಹಾಸಕಾರ ಮೈಕೆಲ್ ವಿಕರಿ, 1989ರಲ್ಲಿ ಥಾಯ್ ಕಲಾ ಇತಿಹಾಸಕಾರ ಪಿರಿಯ ಕ್ರೈರಿಕ್ಷ್ ಇದು 13ನೆಯ ಶತಮಾನದ ಬರಹವಲ್ಲವೆಂದು ವಾದಿಸಿದರು. ಪಿರಿಯ ಅವರ ಪ್ರಕಾರ ಇದು ಮೋಂಗ್‌ಕುಟ್ ಕಾಲದ ರಚನೆ. ಸ್ವರಚಿಹ್ನೆಗಳ ವಿಚಿತ್ರ ಸ್ಥಾನ, ಶಬ್ದಕೋಶ, 19ನೆಯ ಶತಮಾನದ ರಾಜನೀತಿಗೆ ಒಪ್ಪುವಂಥ ಆಶಯಗಳು, ನಗರವರ್ಣನೆಯ ವಿವರಗಳು ವಾದದ ಆಧಾರಗಳಾದವು. ಎದುರು ಪಕ್ಷದವರು ಭಾಷೆಯ ಪ್ರಾಚೀನ ರೂಪಗಳನ್ನು ಎತ್ತಿ ತೋರಿಸಿದರು. 19ನೆಯ ಶತಮಾನದಲ್ಲಿ ಯಾರೂ ಅರಿಯದಿದ್ದ, ಅನಂತರ ಬೇರೆ ಶಾಸನಗಳಿಂದ ಸಮರ್ಥನೆ ಪಡೆದ ಸಂಗತಿಗಳು ಇದರಲ್ಲಿವೆ ಎಂದರು. ಶಿಲೆಯ ಮೇಲ್ಮೈಯ ಸವೆತವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದವರು ಅದು ಸುಖೋಥಾಯ್ ಕಾಲದ ಇತರ ಶಿಲೆಗಳ ಸವೆತಕ್ಕೆ ಸಮಾನವಾಗಿದೆಯೆಂದು ತಿಳಿಸಿದರು. ಈ ಚರ್ಚೆಯ ಲೇಖನಗಳ ಸಂಕಲನವನ್ನು ಸಿಯಾಮ್ ಸೊಸೈಟಿ 1991ರಲ್ಲಿ ಹೊರತಂದಿತು. 2003ರಲ್ಲಿ ಯುನೆಸ್ಕೋ ಈ ಶಾಸನವನ್ನು 'ವಿಶ್ವದ ಸ್ಮೃತಿ' ದಾಖಲೆಯಲ್ಲಿ ಸೇರಿಸಿತು. ಇಂದು ಬಹುಪಾಲು ವಿದ್ವಾಂಸರು ನೈಜತೆಯ ಪಕ್ಷದಲ್ಲಿದ್ದಾರೆ. ಸಂದೇಹ ಪೂರ್ತಿಯಾಗಿ ಅಳಿದಿಲ್ಲ.

ಇಲ್ಲಿ ಪಾಳುನಗರದ ಸಾಕ್ಷ್ಯ ಹೇಗೆ ಬಳಕೆಯಾಗುತ್ತದೆಂಬುದನ್ನು ನೋಡೋಣ. ಶಾಸನ ಕೋಟೆಯ ಸುತ್ತಳತೆಯನ್ನು 3,400 ವಾ ಎನ್ನುತ್ತದೆ. ಈಗಿನ ಲೆಕ್ಕದಲ್ಲಿ ಒಂದು ವಾ ಎರಡು ಮೀಟರು. ಒಟ್ಟು 6,800 ಮೀಟರು. ಇಂದು ಕಾಣುವ ಕೋಟೆಯ ಸುತ್ತಳತೆಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಶಾಸನ ನೈಜವೆನ್ನುವವರಿಗೆ ಇದೊಂದು ಸಮರ್ಥನೆ. ಆದರೆ 19ನೆಯ ಶತಮಾನದಲ್ಲಿ ಪಾಳುಕೋಟೆಯನ್ನು ಕಣ್ಣಾರೆ ಕಂಡವನು ಬರೆದಿದ್ದರೂ ಅಳತೆ ಹೊಂದುತ್ತಿತ್ತು. ನಗರದ ಉತ್ತರಕ್ಕೆ ಅಚನ ವಿಗ್ರಹವಿದೆ, ಪಶ್ಚಿಮದ ಅರಣ್ಯವಿಹಾರದಲ್ಲಿ ಹದಿನೆಂಟು ಮೊಳದ ನಿಂತ ಬುದ್ಧನಿದ್ದಾನೆ ಎಂಬ ಮಾತುಗಳನ್ನೂ ಹೀಗೆಯೇ ಎರಡು ಬಗೆಯಾಗಿ ಓದಬಹುದು. ಇನ್ನೊಂದು ತೊಡಕೂ ಇದೆ. ಕಾಣುವ ಕಟ್ಟಡಗಳಲ್ಲಿ ಹೆಚ್ಚಿನವು ಅನಂತರದ ಅರಸರ ಕಾಲದಲ್ಲಿ ಬೆಳೆದವು, ಬದಲಾದವು. ಶಾಸನದ ಒಂದು ಹೆಸರನ್ನು ಹಿಡಿದು ಇಂದಿನ ಒಂದು ಕಟ್ಟಡಕ್ಕೆ ಅಂಟಿಸುವುದು ನಮ್ಮ ಕೆಲಸವೇ ಹೊರತು ಕಲ್ಲಿನದಲ್ಲ. ಆದುದರಿಂದ ಶಾಸನಕ್ಕೂ ಸ್ಥಳಕ್ಕೂ ಇರುವ ಹೊಂದಾಣಿಕೆ ತನ್ನಷ್ಟಕ್ಕೆ ಏನನ್ನೂ ಸಿದ್ಧಪಡಿಸುವುದಿಲ್ಲ. ಅದಕ್ಕೆ ಬೇರೆ ದಾರಿಯ ಸಾಕ್ಷ್ಯ ಬೇಕು: ಭಾಷೆಯ ಒಳರೂಪ, ಶಿಲೆಯ ಸವೆತ, ಉತ್ಖನನದ ಸ್ತರ, ಸಂಬಂಧವಿಲ್ಲದ ಇತರ ಶಾಸನ.

ಕನ್ನಡ ಶಾಸನಶಾಸ್ತ್ರದಲ್ಲಿ ಇಂಥ ಪ್ರಸಂಗಕ್ಕೆ 'ಕೂಟಶಾಸನ' ಎಂಬ ಹೆಸರಿದೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ನಡೆಸಿದ ದೀರ್ಘ ವಾದವನ್ನು ಇಲ್ಲಿ ನೆನೆಯಬಹುದು. ಲಿಪಿಯ ಕಾಲ, ತಿಥಿವಾರಗಳ ಗಣನೆ ಮುಂತಾದವುಗಳ ಆಧಾರದಿಂದ ಫ್ಲೀಟ್ ಹಲವು ಪಟಗಳನ್ನು ಕೂಟವೆಂದರು. ರೈಸ್ ಅವನ್ನು ಸಮರ್ಥಿಸಿಕೊಂಡರು. ಕಾಲಾಂತರದಲ್ಲಿ ಪಟಗಳನ್ನು ಒಂದೊಂದಾಗಿ ಪರಿಶೀಲಿಸಿ ಕೆಲವನ್ನು ಒಪ್ಪುವ, ಕೆಲವನ್ನು ಬಿಡುವ ಕ್ರಮ ಬೆಳೆಯಿತು. ಆ ವಾದದಿಂದ ಕನ್ನಡ ಚರಿತ್ರೆಗೆ ನಷ್ಟವಾಗಲಿಲ್ಲ, ಪರಿಶೀಲನೆಯ ಶಿಸ್ತು ಬಂದಿತು. ಸುಖೋಥಾಯ್ ವಿವಾದದ ಫಲವೂ ಅಂಥದೇ ಎಂದು ನಮಗೆ ತೋರುತ್ತದೆ. ಅದುವರೆಗೆ ಒಂದನೆಯ ಶಾಸನದ ನೆರಳಿನಲ್ಲಿದ್ದ ಲಿಥಾಯ್ ಕಾಲದ ಶಾಸನಗಳನ್ನು ಅವುಗಳ ಸ್ವಂತ ಬೆಲೆಗಾಗಿ ಓದುವುದು ಅಗತ್ಯವಾಯಿತು. 1361ರಲ್ಲಿ ಅವನು ಮಾವಿನ ತೋಪಿನ ವಿಹಾರದಲ್ಲಿ ದೀಕ್ಷೆ ತಳೆದ ಸಂಗತಿ ಥಾಯ್, ಖ್ಮೇರ್, ಪಾಲಿ ಎಂಬ ಮೂರು ಭಾಷೆಗಳ ಶಾಸನಗಳಲ್ಲಿದೆ. ಅದೇ ತೋಪಿನಲ್ಲಿ 1349ರಲ್ಲಿ ಮಹೇಶ್ವರ ಮತ್ತು ವಿಷ್ಣುವಿನ ವಿಗ್ರಹಗಳನ್ನು ಈ ಬೌದ್ಧ ಅರಸನೇ ಪ್ರತಿಷ್ಠಾಪಿಸಿದನೆಂದು ಖ್ಮೇರ್ ಶಾಸನ ತಿಳಿಸುತ್ತದೆ. ಯಾವ ಭಾಷೆಯಲ್ಲಿ ಯಾವುದನ್ನು ಹೇಳಲಾಗಿದೆ, ಯಾವುದನ್ನು ಬಿಡಲಾಗಿದೆ ಎಂಬ ವಿಚಾರ ದ್ವಿಭಾಷಾ ಶಾಸನಗಳನ್ನು ಅಭ್ಯಸಿಸುವ ಕನ್ನಡ ಸಂಶೋಧಕರಿಗೆ ನೇರವಾಗಿ ಉಪಯುಕ್ತ.

ಮೌನ ರೂಪುಗೊಂಡ ಬಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪಾಳುನಗರದ ಶಾಂತಿ ತಾನಾಗಿ ಉಳಿದು ಬಂದುದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಬ್ಯಾಂಕಾಕ್ ರಾಜಧಾನಿಯಾದಾಗ ಮೊದಲನೆಯ ರಾಮ ಅರಸನು ಉತ್ತರದ ಪಾಳುಬಿದ್ದ ಊರುಗಳಿಂದ ಸಾವಿರಕ್ಕೂ ಮಿಕ್ಕು ಬುದ್ಧವಿಗ್ರಹಗಳನ್ನು ತರಿಸಿದನು. ವಾಟ್ ಮಹಾಥಾಟಿನ ಮುಖ್ಯ ಕಂಚಿನ ಬುದ್ಧ ಇಂದು ಬ್ಯಾಂಕಾಕಿನ ವಾಟ್ ಸುಥಾಟ್ ವಿಹಾರದಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಸುಖೋಥಾಯ್‌ನ ಬರಿದಾದ ಪೀಠಗಳಿಗೆ ಕಾಲ ಮಾತ್ರವಲ್ಲ, ರಾಜಾಜ್ಞೆಯೂ ಕಾರಣ.

ಕೋಟೆಯೊಳಗೆ ಜನವಸತಿ ಮುಂದುವರಿದೇ ಇತ್ತು. 20ನೆಯ ಶತಮಾನದ ನಡುಗಾಲದಿಂದ ಲಲಿತಕಲಾ ಇಲಾಖೆ ಜೀರ್ಣೋದ್ಧಾರವನ್ನು ಕೈಗೊಂಡಿತು. 1976ರಲ್ಲಿ ಐತಿಹಾಸಿಕ ಉದ್ಯಾನದ ಯೋಜನೆ ಆರಂಭವಾಗಿ 1988ರಲ್ಲಿ ಉದ್ಯಾನ ತೆರೆಯಿತು. 1991ರಲ್ಲಿ ಸಿ ಸಚ್ಚನಲೈ ಮತ್ತು ಕಂಫೆಂಗ್ ಫೆಟ್ ಊರುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ ಕೆಲಸಕ್ಕಾಗಿ ಗೋಡೆಯೊಳಗಿನ ನಿವಾಸಿಗಳನ್ನು ಹೊರಗೆ ನೆಲೆಗೊಳಿಸಲಾಯಿತು. ಕೊಳಗಳ ಹೂಳೆತ್ತಿ, ಮುರಿದ ವಿಗ್ರಹಗಳನ್ನು ಜೋಡಿಸಿ, ಹುಲ್ಲು ಬೆಳೆಸಲಾಯಿತು. 1970ರ ದಶಕದ ಕೊನೆಯಿಂದ ಇಲ್ಲಿ ವೈಭವದಿಂದ ನಡೆಯುವ ದೀಪೋತ್ಸವ 'ಲೋಯ್ ಕ್ರಥೋಂಗ್' ಸುಖೋಥಾಯ್ ಕಾಲದಷ್ಟು ಹಳೆಯದೆಂದು ಜನ ನಂಬುತ್ತಾರೆ. ಈ ನಂಬಿಕೆಗೆ ಆಧಾರವಾದ 'ನಾಂಗ್ ನೋಪ್ಪಮಾಟ್' ಎಂಬ ಕೃತಿ ಬ್ಯಾಂಕಾಕ್ ಕಾಲದ್ದೆಂದು ರಾಜಕುಮಾರ ದಾಮ್‌ರಾಂಗ್ ಅದರೊಳಗಿನ ಕಾಲವಿರುದ್ಧ ಉಲ್ಲೇಖಗಳಿಂದಲೇ ತೋರಿಸಿದ್ದರು.

ಈ ಬಗೆಯ ನಿಶ್ಶಬ್ದಕ್ಕೆ ತೆರಬೇಕಾದ ಬೆಲೆಯನ್ನು ನಾವೂ ಬಲ್ಲೆವು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆಯಲ್ಲಿ, ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಜನರನ್ನು 2011ರಲ್ಲಿ ತೆರವುಗೊಳಿಸಲಾಯಿತು. ಮಂಟಪಗಳ ಕಲ್ಲಿಗೆ ರಕ್ಷಣೆ ಬೇಕಾಗಿದ್ದುದು ನಿಜ. ಬಜಾರು ಎಂಬ ಹೆಸರನ್ನು ನಿಜಗೊಳಿಸಿದ್ದ ಕೊಡುಕೊಳ್ಳುವಿಕೆ ಅದರೊಡನೆಯೇ ಹೊರಟುಹೋದದ್ದೂ ನಿಜ. ಸ್ಮಾರಕವೆಂದರೆ ಮನುಷ್ಯರಿಲ್ಲದ ಕಲ್ಲು ಎಂಬ ಕಲ್ಪನೆ ಆಧುನಿಕವಾದುದು. ರಾಮ್ ಖಮ್‌ಹೆಂಗ್ ಶಾಸನ ವರ್ಣಿಸುವ ಸುಖೋಥಾಯ್ ಶಾಂತವಾದ ಊರಲ್ಲ. ಅಲ್ಲಿ ಸಂತೆಯಿದೆ, ವಾದ್ಯಗಳ ಸದ್ದಿದೆ, ಉತ್ಸವ ನೋಡಲು ನಾಲ್ಕು ಬಾಗಿಲುಗಳಲ್ಲಿ ನುಗ್ಗುವ ಜನಸಂದಣಿಯಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತನ್ನು ಹೇಳಬಹುದು. ಪಾಳುನಗರವೂ ಶಾಸನದಂತೆ ಒಂದು ಪಠ್ಯ. ಅದಕ್ಕೂ ಪಾಠಾಂತರಗಳಿವೆ, ಪ್ರಕ್ಷೇಪಗಳಿವೆ, ಸಂಪಾದಕರಿದ್ದಾರೆ. ಓಲೆಗರಿಯ ಪ್ರತಿಯನ್ನು ಓದುವಾಗ ಯಾವುದು ಕವಿಯ ಮಾತು, ಯಾವುದು ಲಿಪಿಕಾರನದು ಎಂದು ಕೇಳಿಕೊಳ್ಳುವ ನಾವು, ನಗರದ ಮುಂದೆ ನಿಂತಾಗಲೂ ಯಾವ ಇಟ್ಟಿಗೆ 14ನೆಯ ಶತಮಾನದ್ದು, ಯಾವ ನೋಟ 20ನೆಯ ಶತಮಾನದ್ದು ಎಂದು ಕೇಳಬೇಕು. ಹಾಗೆ ಕೇಳಿದರೆ ಆ ಸ್ಥಳದ ಚೆಲುವು ಕುಂದುವುದಿಲ್ಲ. ಹೊರನಾಡುಗಳಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ, ತಮ್ಮ ಶಾಸನಗಳಿಂದ ದೂರವಿರುವ ಕಾರಣ, ಅಚ್ಚಾದ ಪಾಠವನ್ನೂ ಪ್ರಸಿದ್ಧ ಸ್ಥಳಗಳ ಚಿತ್ರಗಳನ್ನೂ ನೆಚ್ಚಿಕೊಳ್ಳುವುದು ಅನಿವಾರ್ಯ. ಅಂಥವರು ಎರಡು ಆಕರಗಳು ಹೊಂದಿಕೊಂಡಾಗ ಸಮಾಧಾನಪಡುವ ಮೊದಲು, ಒಂದನ್ನು ನೋಡಿ ಇನ್ನೊಂದನ್ನು ತಿದ್ದಿರಬಹುದೇ ಎಂದು ವಿಚಾರಿಸಿಕೊಳ್ಳುವುದು ಅಗತ್ಯ. ಸುಖೋದಯದ ಶಿಲೆಯೂ ಸ್ತೂಪವೂ ಕಲಿಸುವ ಪಾಠ ಇದು.